ಕುಡಿದು ಹಾಳಾದವನ ಲೆಕ್ಕ

ಗುಳೆ ಹೋದವನ ಬಗ್ಗೆ ಊರಿಗೆ ತಲುಪುವ ಸುದ್ದಿ ಸಾಮಾನ್ಯವಾಗಿ ಎರಡೇ ಬಗೆಯದು. ಒಂದು, 'ಮನೆ ಕಟ್ಟಿಸಿದ.' ಇನ್ನೊಂದು, 'ಕುಡಿದು ಹಾಳಾದ.' ಯಾದಗಿರಿ, ರಾಯಚೂರಿನ ಕಡೆಯಿಂದ ಪುಣೆ, ಮುಂಬೈ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೋದವರ ಬದುಕನ್ನು ಈ ಎರಡು ಮಾತಿನಲ್ಲಿ ಮುಗಿಸಿಬಿಡಬಹುದು. ಎರಡನೆಯ ಮಾತಿಗಂತೂ ವಿವರಣೆಯೇ ಬೇಕಿಲ್ಲ. ತಪ್ಪು ಅವನದು, ಫಲವೂ ಅವನದು.

ಈ ಮಾತಿಗೆ ಸಿಟ್ಟಾಗಿ ಬರೆಯುವ ಕತೆಗಾರ ಇನ್ನೊಂದು ಸುಲಭದ ದಾರಿ ಹಿಡಿಯುತ್ತಾನೆ. ತನ್ನ ವಲಸೆ ಕಾರ್ಮಿಕನಿಗೆ ಒಂದು ದೋಷವನ್ನೂ ಕೊಡುವುದಿಲ್ಲ. ಅವನು ಕುಡಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ, ಹೆಂಡತಿ ಮಕ್ಕಳ ಮೇಲೆ ಕೈ ಎತ್ತುವುದಿಲ್ಲ. ಮೇಸ್ತ್ರಿ, ಮಾಲೀಕ, ಪೊಲೀಸ್ ಸೇರಿ ಅವನನ್ನು ಕೆಡವುತ್ತಾರೆ, ಅವನು ಬೀಳುತ್ತಾನೆ. ಓದುಗನಿಗೆ ಕನಿಕರ ಹುಟ್ಟುತ್ತದೆ. ಆದರೆ ಪುಸ್ತಕ ಮುಚ್ಚಿದ ಮೇಲೆ ಆ ಮನುಷ್ಯನ ಮುಖ ನೆನಪಿಗೆ ಬರುವುದಿಲ್ಲ.

ಅಪ್ಟನ್ ಸಿಂಕ್ಲೇರ್‌ನ 'ದಿ ಜಂಗಲ್' ಬಹುಪಾಲು ಈ ಎರಡೂ ದಾರಿಗಳನ್ನು ಬಿಟ್ಟು ನಡೆದ ಕಾದಂಬರಿ. 1904ರಲ್ಲಿ ಶಿಕಾಗೊದ ಕಸಾಯಿಖಾನೆಗಳ ಸುತ್ತ ವಾರಗಟ್ಟಲೆ ಓಡಾಡಿ ಬರೆದ ಈ ಪುಸ್ತಕ 1906ರಲ್ಲಿ ಹೊರಬಂತು. ಅದೇ ವರ್ಷ ಅಮೆರಿಕ ಮಾಂಸ ತಪಾಸಣೆಯ ಕಾನೂನು ತಂದಿದ್ದರಿಂದ ಅದು ಕೊಳೆತ ಮಾಂಸದ ಪುಸ್ತಕವೆಂದೇ ಹೆಸರಾಯಿತು. ಆದರೆ ಕತೆ ಲಿಥುವೇನಿಯಾದಿಂದ ಬಂದ ಯೂರ್ಗಿಸ್ ರುಡ್ಕುಸ್ ಎಂಬ ಗಟ್ಟಿಮುಟ್ಟಾದ ಹಳ್ಳಿ ಹುಡುಗನದು. ಯಾವ ಕಷ್ಟ ಬಂದರೂ ಇನ್ನಷ್ಟು ದುಡಿಯುವುದೊಂದೇ ಅವನಿಗೆ ಗೊತ್ತಿರುವ ಪರಿಹಾರ.

ಅವನು ಕುಡಿತಕ್ಕೆ ಬೀಳುವುದಕ್ಕೆ ಬಹಳ ಮೊದಲೇ ಸಿಂಕ್ಲೇರ್ ಬಾರುಗಳ ವ್ಯವಸ್ಥೆಯನ್ನು ವಿವರಿಸಿಬಿಡುತ್ತಾನೆ. ಚಳಿಗಾಲದಲ್ಲಿ ಕಾರ್ಖಾನೆಯೊಳಗೆ ಬೆಂಕಿಯಿಲ್ಲ, ಕೂತು ಉಣ್ಣಲು ಜಾಗವಿಲ್ಲ. ಎದುರಿನ ಬಾರಿನಲ್ಲಿ ಎರಡೂ ಉಂಟು, ಕುಡಿಯಲು ಏನಾದರೂ ಕೊಂಡರೆ ಬಿಸಿ ಊಟವೂ ಉಂಟು. ಸಂಬಳ ಚೆಕ್ಕಿನಲ್ಲಿ ಬರುತ್ತದೆ, ಅದನ್ನು ನಗದು ಮಾಡಿಕೊಡುವುದೂ ಬಾರಿನವನೇ. ಆ ಉಪಕಾರಕ್ಕೆ ಅಲ್ಲೇ ಒಂದಿಷ್ಟು ಖರ್ಚು ಮಾಡಬೇಕು. ಹೀಗೆ ನೋಡಿದರೆ ಕುಡಿತ ಒಬ್ಬನ ಚಪಲವಷ್ಟೇ ಅಲ್ಲ, ಸಂಬಳ ಕೈಗೆ ಬರುವ ದಾರಿಯಲ್ಲೇ ನಿಂತಿರುವ ಸುಂಕದ ಕಟ್ಟೆ. ಮುಂದೆ ಯೂರ್ಗಿಸ್‌ನ ಕಾಲು ಉಳುಕಿ ಕೆಲಸ ಹೋಗುತ್ತದೆ. ಕೊನೆಗೆ ಯಾರೂ ಒಲ್ಲದ ಗೊಬ್ಬರದ ಕಾರ್ಖಾನೆ ಸೇರುತ್ತಾನೆ. ಕುಡಿತದ ರುಚಿ ಹತ್ತುವುದು ಆಗ.

ಇಷ್ಟಕ್ಕೇ ನಿಲ್ಲಿಸಿದ್ದರೆ ಅದು ಕಾರಣಗಳ ಪಟ್ಟಿಯಾಗುತ್ತಿತ್ತು. ಸಿಂಕ್ಲೇರ್ ಕಾರಣಗಳನ್ನು ಹೇಳಿದ ಮೇಲೂ ಯೂರ್ಗಿಸ್‌ನನ್ನು ಬಿಟ್ಟುಕೊಡುವುದಿಲ್ಲ, ಹಾಗೆಂದು ಖುಲಾಸೆಯನ್ನೂ ಮಾಡುವುದಿಲ್ಲ. ಹೆಂಡತಿ ಓನಾ ಹೆರಿಗೆಯಲ್ಲಿ ಸಾಯುತ್ತಾಳೆ. ಮನೆಗೆ ಬಂದ ಪುಟ್ಟ ಹುಡುಗಿ ಕೊಟ್ರಿನಾಳ ಕೈಯಲ್ಲಿ ದಿನದ ಸಂಪಾದನೆಯಿದೆ. ಯೂರ್ಗಿಸ್ ಆ ದುಡ್ಡನ್ನು ಕೇಳಿ ಇಸಿದುಕೊಂಡು ನೇರ ಬಾರಿಗೆ ಹೋಗುತ್ತಾನೆ. ಆ ದುಃಖ ನಿಜ, ಆ ಕಳವೂ ನಿಜ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಇದೊಂದು ದೃಶ್ಯದ ಎದುರು ಎಷ್ಟೋ ಪುಟಗಳ ಅನ್ಯಾಯದ ವರ್ಣನೆ ಪೇಲವ.

ಮಗನೂ ಬೀದಿಯ ಕೆಸರು ನೀರಿನಲ್ಲಿ ಮುಳುಗಿ ಸತ್ತ ಮೇಲೆ ಯೂರ್ಗಿಸ್ ಯಾರಿಗೂ ಒಂದು ಮಾತು ಹೇಳದೆ ರೈಲು ಹತ್ತಿ ಹೋಗುತ್ತಾನೆ. ಉಳಿದವರು ಹೆಂಗಸರು, ಮಕ್ಕಳು. ಅವರನ್ನು ಸಾಕಲು ಓನಾಳ ಸಂಬಂಧಿ ಮರಿಯಾ ವೇಶ್ಯಾಗೃಹ ಸೇರುತ್ತಾಳೆ, ಮಾರ್ಫೀನ್ ಚಟಕ್ಕೆ ಬೀಳುತ್ತಾಳೆ. ಯೂರ್ಗಿಸ್‌ನನ್ನು ಬರೀ ಬಲಿಪಶು ಎಂದು ಕರೆದರೆ ಮರಿಯಾಳ ಲೆಕ್ಕವನ್ನು ಯಾರ ಖಾತೆಗೆ ಬರೆಯುವುದು? ಕಾರ್ಖಾನೆಯ ಖಾತೆಗೆ ದೊಡ್ಡ ಪಾಲು, ಸರಿ. ಆದರೆ ಬಿಟ್ಟು ಓಡಿದವನ ಪಾಲೂ ಇದೆ. ಗಂಡಸಿನ ದೌರ್ಬಲ್ಯವನ್ನು ಮರೆಮಾಚುವ ಕತೆ ಮೊದಲು ಮರೆಮಾಚುವುದು ಅದರ ಬೆಲೆ ತೆತ್ತ ಹೆಂಗಸನ್ನು. ವಲಸೆಯ ಕತೆಯಲ್ಲಿ ದೋಷಗಳಿಗೆ ಜಾಗ ಬೇಕು ಎನ್ನಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಇದಕ್ಕೆ ಬರುವ ಆಕ್ಷೇಪ ಹಳೆಯದು, ತಳ್ಳಿಹಾಕುವಂಥದ್ದೂ ಅಲ್ಲ. ಹೊರಗಿನವರೆಲ್ಲ ಕುಡುಕರು, ಕಳ್ಳರು ಎಂದು ನಗರ ಆಗಲೇ ನಂಬಿರುವಾಗ ಕತೆಗಾರನೂ ಅದನ್ನೇ ತೋರಿಸಬೇಕೆ? ಈ ಭಯ ಸುಳ್ಳಲ್ಲ ಎನ್ನುವುದಕ್ಕೆ ಇದೇ ಕಾದಂಬರಿ ಸಾಕ್ಷಿ. ಮುಷ್ಕರದ ಅಧ್ಯಾಯದಲ್ಲಿ ಯೂರ್ಗಿಸ್ ತನ್ನವರಿಗೇ ದ್ರೋಹ ಬಗೆದು ಮುಷ್ಕರ ಮುರಿಯುವವರ ಜೊತೆ ಸೇರುತ್ತಾನೆ. ಅವನು ಅಲ್ಲಿಗೆ ಹೇಗೆ ಬಂದ ಎನ್ನುವುದು ಓದುಗನಿಗೆ ಗೊತ್ತು. ಅದೇ ಕೆಲಸಕ್ಕೆ ದಕ್ಷಿಣದ ರಾಜ್ಯಗಳಿಂದ ಕರೆತಂದ ಕಪ್ಪು ಕಾರ್ಮಿಕರೂ ವಲಸೆಗಾರರೇ. ಆದರೆ ಸಿಂಕ್ಲೇರ್ ಅವರಿಗೆ ಹೆಸರು ಕೊಡುವುದಿಲ್ಲ, ಹಿಂದಿನ ಬದುಕು ಕೊಡುವುದಿಲ್ಲ. ಕುಡಿತ, ಜೂಜು, ಸೋಮಾರಿತನವನ್ನು ಮಾತ್ರ ಕೊಡುತ್ತಾನೆ. ಒಬ್ಬ ಲಿಥುವೇನಿಯನ್ನನ ಪತನ ಕತೆಯಾಯಿತು. ಅವರ ಪತನ ಜನಾಂಗದ ಗುಣವೆಂಬಂತೆ ದಾಖಲಾಯಿತು.

ಅಂದರೆ ಅಪಾಯ ಇರುವುದು ದೋಷ ತೋರಿಸುವುದರಲ್ಲಲ್ಲ, ಅದನ್ನು ಮನುಷ್ಯನ ಬದುಕಿನಿಂದ ಕಿತ್ತು ತೋರಿಸುವುದರಲ್ಲಿ. ಕುಡಿತ ಮಾಲೀಕನ ಮನೆಯಲ್ಲೂ ಇದೆ. ಅಲ್ಲಿ ಒಂದು ಸಂಜೆಯ ಅಮಲು ಮರುದಿನದ ತಲೆನೋವಿನಲ್ಲಿ ಮುಗಿಯುತ್ತದೆ. ದಿನಗೂಲಿಯವನಿಗೆ ಅದೇ ಸಂಜೆ ಒಂದು ದಿನದ ಕೂಲಿ, ಬಾಡಿಗೆ, ಮಗುವಿನ ಹಾಲು. ಚಟ ಒಂದೇ, ಬೆಲೆ ಬೇರೆ. ಈ ವ್ಯತ್ಯಾಸವನ್ನು ತೋರಿಸುವ ಕತೆಗಾರ ಕಾರ್ಮಿಕನ ಮರ್ಯಾದೆ ತೆಗೆಯುವುದಿಲ್ಲ.

ಕೊನೆಯ ಅಧ್ಯಾಯಗಳಲ್ಲಿ ಸಿಂಕ್ಲೇರ್ ಎಡವುತ್ತಾನೆ. ಯೂರ್ಗಿಸ್ ಸಮಾಜವಾದಿಗಳ ಸಭೆಗೆ ಹೋಗಿ ಹೊಸ ಮನುಷ್ಯನಾಗುತ್ತಾನೆ, ಆಮೇಲೆ ಬರೀ ಭಾಷಣ ಕೇಳುತ್ತ ಕೂರುತ್ತಾನೆ. ಅವನ ಪಾಪಗಳಿಗೆ ಸಿದ್ಧಾಂತವೇ ಗಂಗಾಸ್ನಾನ. ಆದರೂ ಒಂದು ಕಡೆ ಲೇಖಕ ಪ್ರಾಮಾಣಿಕ. ಇನ್ನು ಹೊರಗೆ ಬಾ ಎಂದು ಯೂರ್ಗಿಸ್ ಕರೆಯಲು ಹೋದಾಗ ಮರಿಯಾ ಬರುವುದಿಲ್ಲ. ಚಟ ಅವಳನ್ನು ಬಿಡುವುದಿಲ್ಲ. ಭಾಷಣಗಳೆಲ್ಲ ಮರೆತುಹೋದರೂ ಆ ಕೋಣೆಯಲ್ಲಿ ಉಳಿದವಳು ಮರೆಯುವುದಿಲ್ಲ.

'ಕುಡಿದು ಹಾಳಾದ' ಎಂಬ ಮಾತು ಎಷ್ಟೋ ಸಲ ನಿಜವೇ ಇರುತ್ತದೆ. ಅದು ಕತೆಯ ಕೊನೆಯ ಸಾಲಾಗದೆ ಮೊದಲ ಸಾಲಾಗಬೇಕು. ಯಾರ ದುಡ್ಡಿನಲ್ಲಿ ಕುಡಿದ, ಅಂಗಡಿ ಯಾರ ಗೇಟಿನ ಎದುರಿಗಿತ್ತು, ಅವನು ಬಿದ್ದ ಮೇಲೆ ಮನೆಯಲ್ಲಿ ಯಾರು ಕೆಲಸಕ್ಕೆ ಹೊರಟರು ಎಂಬುದನ್ನೆಲ್ಲ ಆಮೇಲೆ ಬರೆಯಬೇಕು.