ಕಸುಬು ಬದಲಾಯಿತು, ಬದುಕು ಮೇಲೇರಿತೇ?

ಮಕ್ಕಳು ಹತ್ತನೆಯ ತರಗತಿ ದಾಟಿದೊಡನೆ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ 'ಮುಂದೆ ಏನಾಗಬೇಕು?' ಎಂಬುದು. ವೈದ್ಯ, ಎಂಜಿನಿಯರ್, ದಾದಿ, ಅಧ್ಯಾಪಕ, ಬ್ಯಾಂಕ್ ಅಧಿಕಾರಿ - ಇಷ್ಟರಲ್ಲಿ ನಮ್ಮ ಪಟ್ಟಿ ಮುಗಿಯುತ್ತದೆ. ಆದರೆ ಈ ದೇಶದಲ್ಲಿ ದುಡಿದು ಉಣ್ಣುವವರ ಪೈಕಿ ಬಹುಪಾಲು ಮಂದಿ ಈ ಪಟ್ಟಿಯ ಹೊರಗೇ ಇದ್ದಾರೆ. ಅವರು ಯಾವ ಕೆಲಸದಲ್ಲಿದ್ದಾರೆ, ಒಂದು ಕಸುಬನ್ನು ಬಿಟ್ಟಾಗ ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಅರಿಯದೆ ಉದ್ಯೋಗದ ಕುರಿತು ನಾವು ಆಡುವ ಮಾತು ಪೊಳ್ಳಾದೀತು.

ಕೇಂದ್ರ ಸರಕಾರದ 2023-24ರ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ ದುಡಿಯುವ ಪ್ರತಿ 100 ಮಂದಿಯಲ್ಲಿ 46 ಮಂದಿ ಕೃಷಿಯಲ್ಲಿದ್ದರು. ಕಟ್ಟಡ ನಿರ್ಮಾಣದಲ್ಲಿ 12, ವ್ಯಾಪಾರ ಹಾಗೂ ಹೋಟೆಲು ಕೆಲಸದಲ್ಲಿ 12, ಕಾರ್ಖಾನೆ ಮತ್ತು ಇತರ ತಯಾರಿಕೆಯಲ್ಲಿ ಕೇವಲ 11 ಮಂದಿ. ತಿಂಗಳ ಸಂಬಳ ಎಣಿಸುವವರು ಸುಮಾರು 22 ಮಂದಿಯಾದರೆ ದಿನಗೂಲಿಯವರು 20. ಉಳಿದ 58 ಮಂದಿಯನ್ನು 'ಸ್ವಯಂ ಉದ್ಯೋಗಿ'ಗಳೆಂದು ಗುರುತಿಸಲಾಗಿದೆ. ಕೇಳಲು ಇಂಪಾದ ಪದವಿದು. ಆದರೆ ಇವರಲ್ಲಿ 19 ಮಂದಿ ಮನೆಯ ಹೊಲದಲ್ಲೋ ಅಂಗಡಿಯಲ್ಲೋ ಸಂಬಳವಿಲ್ಲದೆ ಕೈಜೋಡಿಸುವವರು ಎಂಬುದನ್ನು ಮರೆಯಲಾಗದು. ಅವರಲ್ಲಿ ಹೆಚ್ಚಿನವರು ಹೆಂಗಸರು.

ದೇಶವೊಂದು ಮುಂದುವರಿದಂತೆ ಜನರು ಹೊಲದಿಂದ ಕಾರ್ಖಾನೆಗೂ ಅಲ್ಲಿಂದ ಕಚೇರಿಗೂ ಸಾಗುತ್ತಾರೆಂದು ಅರ್ಥಶಾಸ್ತ್ರದ ಪಠ್ಯಗಳು ಹೇಳುತ್ತವೆ. ನಮ್ಮಲ್ಲಿ ಆ ಪಯಣ ಅಷ್ಟು ಸರಳವಾಗಿಲ್ಲ. 2001ರ ಜನಗಣತಿಯಲ್ಲಿ 12.73 ಕೋಟಿಯಷ್ಟಿದ್ದ ಸಾಗುವಳಿದಾರರ ಸಂಖ್ಯೆ 2011ರಲ್ಲಿ 11.88 ಕೋಟಿಗೆ ಇಳಿಯಿತು. ಅದೇ ಅವಧಿಯಲ್ಲಿ ಕೃಷಿ ಕೂಲಿಕಾರರು 10.68 ಕೋಟಿಯಿಂದ 14.43 ಕೋಟಿಗೆ ಏರಿದರು. ಹೊಲದ ಒಡೆತನ ಕರಗಿದವರೆಲ್ಲರೂ ನಗರಕ್ಕೆ ಹೋಗಿ ನೌಕರರಾಗಲಿಲ್ಲ. ಅನೇಕರು ಪರರ ಹೊಲದಲ್ಲಿ ಕೂಲಿಗೆ ನಿಂತರು. ಇದೂ ಒಂದು ವೃತ್ತಿ ಬದಲಾವಣೆಯೇ. ಆದರೆ ಇದನ್ನು ಏಳಿಗೆ ಎನ್ನಲು ಯಾರಿಗೆ ಬಾಯಿ ಬಂದೀತು?

2020ರ ಲಾಕ್‌ಡೌನ್ ಇನ್ನೊಂದು ಸತ್ಯವನ್ನು ತೋರಿಸಿಕೊಟ್ಟಿತು. ನಗರದಲ್ಲಿ ಕೆಲಸ ಕಳೆದುಕೊಂಡವರು ಗಂಟುಮೂಟೆ ಹೊತ್ತು ಊರಿಗೆ ನಡೆದರು. 2018-19ರಲ್ಲಿ ಶೇಕಡಾ 42.5ರಷ್ಟಿದ್ದ ಕೃಷಿಯ ಪಾಲು 2020-21ರಲ್ಲಿ 46.5ಕ್ಕೆ ಏರಿತು. ರೋಗದ ಭಯ ಅಡಗಿ ಮೂರು ವರ್ಷಗಳು ಕಳೆದ ಮೇಲೂ ಆ ಪಾಲು ಹಿಂದಿನ ಮಟ್ಟಕ್ಕೆ ಇಳಿದಿರಲಿಲ್ಲ. ಹೊಲವು ಅವರನ್ನು ಕೈಬೀಸಿ ಕರೆದುದರಿಂದ ಹೀಗಾಯಿತೆನ್ನಲಾಗದು. ಬೇರೆಲ್ಲಿಯೂ ತಕ್ಕ ನೆಲೆ ಸಿಗದುದರಿಂದ ಹೀಗಾಯಿತು. ದೇಶದ ಉತ್ಪನ್ನದ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ ನೀಡುವ ಕ್ಷೇತ್ರವನ್ನು ದುಡಿಯುವವರಲ್ಲಿ ಅರ್ಧದಷ್ಟು ಮಂದಿ ನೆಚ್ಚಿಕೊಂಡರೆ ಒಬ್ಬೊಬ್ಬರ ತಟ್ಟೆಗೆ ಬೀಳುವುದೆಷ್ಟು?

ನಮ್ಮ ಕರಾವಳಿಗೆ ಕಸುಬಿನ ಬದಲಾವಣೆ ಹೊಸತಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದಾಗ ಗದ್ದೆಯ ಕೈಗಳು ಆವೆಮಣ್ಣಿಗೆ ಹೊಂದಿಕೊಂಡವು. ಕಾಂಕ್ರೀಟಿನ ತಾರಸಿ ಬಂದು ಹೆಂಚಿಗೆ ಬೇಡಿಕೆ ಕುಗ್ಗಿದಾಗ ಆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಹೆಂಗಸರು ಬೀಡಿ ಕಟ್ಟಿ, ಗೇರುಬೀಜ ಸುಲಿದು ಮನೆ ನಡೆಸಿದರು. ಗಂಡಸರು ಮುಂಬಯಿಗೂ ಕೊಲ್ಲಿ ರಾಷ್ಟ್ರಗಳಿಗೂ ಹೊರಟರು. ಅಲ್ಲಿಂದ ಬಂದ ಹಣದಿಂದ ಮಕ್ಕಳು ಓದಿದರು. ಇಲ್ಲಿ ಬದಲಾವಣೆ ಫಲ ಕೊಟ್ಟಿತಾದರೆ ಅದಕ್ಕೆ ಕಾರಣ ಶಾಲೆ ಹತ್ತಿರವಿದ್ದುದು ಮತ್ತು ಮೊದಲೇ ಹೋದವರು ಹಿಂದೆ ಬಂದವರಿಗೆ ದಾರಿ ತೋರಿದುದು.

ಇಂದಿನ ತರುಣನ ಮುಂದಿರುವ ದಾರಿ ಬೇರೆ. ಮೊಬೈಲ್ ಫೋನಿನ ಆಜ್ಞೆಯಂತೆ ಊಟ ತಲುಪಿಸುವ, ಬಾಡಿಗೆ ಕಾರು ಓಡಿಸುವ ಕೆಲಸ ಬೇಗನೆ ಸಿಗುತ್ತದೆ. ಅಷ್ಟೇ ಬೇಗನೆ ಕೈತಪ್ಪುತ್ತದೆ. ಇಂಥವರಿಗಾಗಿ ಕರ್ನಾಟಕವು 2025ರಲ್ಲಿ ಕಾಯಿದೆ ರಚಿಸಿ ಕಲ್ಯಾಣ ಮಂಡಳಿಗೂ ನಿಧಿಗೂ ಅವಕಾಶ ಕಲ್ಪಿಸಿದೆ. ಅದೇ ವರ್ಷದ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆಗಳೂ ಇವರನ್ನು ಗುರುತಿಸಿವೆ. ಹೆಜ್ಜೆ ಸ್ವಾಗತಾರ್ಹ. ಆದರೆ ಅಪಘಾತವಾದಾಗ ಹಣ ಕೈಸೇರಿದರೆ ಮಾತ್ರ ಕಾಯಿದೆಗೆ ಬೆಲೆ.

ಆದುದರಿಂದ ಕೆಲಸ ಬದಲಿಸಿದನೆಂದು ಯಾರನ್ನೂ ಹೊಗಳುವ ಅಥವಾ ಹಳಿಯುವ ಮೊದಲು, ಅವನು ತಾನೇ ಆರಿಸಿಕೊಂಡು ಹೋದನೇ ಅಥವಾ ನೂಕಿಸಿಕೊಂಡು ಹೋದನೇ ಎಂದು ವಿಚಾರಿಸೋಣ. ಹೊಸ ಕೆಲಸಕ್ಕೆ ಹೊರಟ ಮಗನನ್ನೂ ಮಗಳನ್ನೂ 'ಸಂಬಳ ಎಷ್ಟು?' ಎಂದು ಕೇಳುವುದರ ಜೊತೆಗೆ 'ನೇಮಕಪತ್ರ ಉಂಟೇ? ಭವಿಷ್ಯನಿಧಿ ಉಂಟೇ? ಐದು ವರ್ಷ ಕಳೆದ ಮೇಲೆ ಈ ಕೆಲಸದಿಂದ ನೀನು ಕಲಿತದ್ದೇನಿರುತ್ತದೆ?' ಎಂದೂ ಕೇಳೋಣ. ನಮ್ಮ ಶಾಲೆಗಳೂ ಸಂಘಗಳೂ ನಡೆಸುವ ವೃತ್ತಿ ಮಾರ್ಗದರ್ಶನ ಶಿಬಿರಗಳು ಅಂಕ ಗಳಿಸಿದವರಿಗಷ್ಟೇ ಮೀಸಲಾಗದೆ, ನಲವತ್ತರ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡವನಿಗೂ ಬಾಗಿಲು ತೆರೆಯಲಿ. ಹಿಂದೆ ಮುಂಬಯಿಯ ರೈಲು ನಿಲ್ದಾಣದಲ್ಲಿ ಊರವನೊಬ್ಬ ಕಾದು ನಿಂತು ಕರೆದೊಯ್ಯುತ್ತಿದ್ದ. ಇಂದು ಹಾಗೆ ಕಾದು ನಿಲ್ಲಬೇಕಾದವರು ನಾವು.