ಮುದಿ ನಾಯಿಯ ಅರಳುಮರಳು

ಕಳೆದ ಯುಗಾದಿ ಸಮಾರಂಭದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ, ನಮ್ಮ ನಾಯಿ ರಾತ್ರಿಯಿಡೀ ಬೊಗಳುತ್ತಿರುವ ಕಷ್ಟವನ್ನು ಹೇಳಿಕೊಂಡೆ. ಸದಸ್ಯರೊಬ್ಬರು ಕೂಡಲೇ ಪರಿಹಾರ ಸೂಚಿಸಿದರು: ಬೊಗಳಿದೊಡನೆ ವಿದ್ಯುತ್ ಆಘಾತ ಕೊಡುವ ಕೊರಳಪಟ್ಟಿ. ತಮ್ಮಲ್ಲಿರುವುದನ್ನೇ ಎರವಲು ಕೊಡುವುದಾಗಿಯೂ ಹೇಳಿದರು. "ಎರಡೇ ದಿನ, ಸುಮ್ಮನಾಗುತ್ತದೆ ನೋಡಿ."

ಸುಮ್ಮನಾಗಬಹುದು. ಆದರೆ ಬೊಗಳಿಸುತ್ತಿದ್ದ ಸಂಕಟ ಅಲ್ಲಿಯೇ ಉಳಿಯುತ್ತದೆ. ನೆರೆಯ ವೇಲ್ಸ್ 2010ರಲ್ಲಿಯೇ ಇಂತಹ ಪಟ್ಟಿಗಳನ್ನು ನಿಷೇಧಿಸಿದ್ದು ಸುಮ್ಮನೆ ಅಲ್ಲ.

ನೆರೆಯವರ ನಿದ್ದೆ ಸಣ್ಣ ವಿಷಯವೆಂದು ನಾನು ಹೇಳುತ್ತಿಲ್ಲ. ಬೀದಿನಾಯಿಗಳ ಗದ್ದಲದ ನಡುವೆಯೇ ಮಲಗಿ ಬೆಳೆದ ನಮಗೆ, ಒಂದೇ ಗೋಡೆ ಹಂಚಿಕೊಂಡ ಇಂಗ್ಲೆಂಡಿನ ಮನೆಗಳಲ್ಲಿ ಬೊಗಳುವಿಕೆ ಎಷ್ಟು ದೊಡ್ಡದಾಗಿ ಕೇಳುತ್ತದೆಂಬುದು ತಡವಾಗಿ ಅರಿವಾಗುತ್ತದೆ. ದೂರು ಹೋದರೆ 1990ರ ಪರಿಸರ ಸಂರಕ್ಷಣಾ ಕಾಯಿದೆಯಡಿ ಕೌನ್ಸಿಲ್ ನೋಟಿಸು ಕೊಡಬಹುದು. ಪಕ್ಕದ ಮನೆಯ ವೃದ್ಧೆಯ ಚೀಟಿ ಬಾಗಿಲಲ್ಲಿ ಬಿದ್ದ ದಿನ ನನಗೂ ಆ ಪಟ್ಟಿಯ ಆಸೆ ಹುಟ್ಟಿತ್ತು.

ತಡೆದವರು ಪಶುವೈದ್ಯರು. ನಮ್ಮ ನಾಯಿಗೆ ಹದಿಮೂರು ವರ್ಷ. ಕೀಲುನೋವು, ಮಂದವಾದ ಕಿವಿ, ಜೊತೆಗೆ ಮುಪ್ಪಿನಲ್ಲಿ ಬುದ್ಧಿ ಮಸುಕಾಗುವ ಕಾಯಿಲೆ. ಹಗಲೆಲ್ಲ ನಿದ್ದೆ, ರಾತ್ರಿ ತಾನೆಲ್ಲಿದ್ದೇನೆಂದು ತಿಳಿಯದೆ ಗೋಡೆಗೆ ಮುಖಮಾಡಿ ಕೂಗು. ಇದಕ್ಕೆ ನಮ್ಮಲ್ಲಿ ಅರಳುಮರಳು ಎಂಬ ಮಾತಿದೆ. ನನ್ನ ಅಜ್ಜಿ ನಡುರಾತ್ರಿ ಎದ್ದು, ಎಂದೋ ತೀರಿಹೋದ ತಮ್ಮನನ್ನು ಕರೆಯುತ್ತಿದ್ದರು. ಅಮ್ಮ ದೀಪ ಹಾಕಿ ಪಕ್ಕದಲ್ಲಿ ಕೂರುತ್ತಿದ್ದರು. ಅಜ್ಜಿಯನ್ನು ಹೆದರಿಸಿ ಬಾಯಿ ಮುಚ್ಚಿಸುವ ಯೋಚನೆ ಮನೆಯಲ್ಲಿ ಯಾರಿಗೂ ಬರಲಿಲ್ಲ.

ನಾವೂ ದೀಪದಿಂದಲೇ ಆರಂಭಿಸಿದೆವು. ಓಣಿಯಲ್ಲಿ ರಾತ್ರಿಯಿಡೀ ಸಣ್ಣ ಬೆಳಕು. ಅಡುಗೆಮನೆಯಲ್ಲಿದ್ದ ಅದರ ಹಾಸಿಗೆ ಈಗ ನಮ್ಮ ಕೋಣೆಯ ಬಾಗಿಲಲ್ಲಿ. ಜಾರುವ ನೆಲಕ್ಕೆ ಜಮಖಾನೆ. ವೈದ್ಯರು ಬರೆದುಕೊಟ್ಟ ನೋವಿನ ಔಷಧ. ಸಂಜೆ ಆತುರವಿಲ್ಲದೆ ಮೂಸಲು ಬಿಟ್ಟು ಒಂದು ಸುತ್ತು. ಮಲಗುವ ಮುನ್ನ ಹಿತ್ತಲಿಗೆ ಇನ್ನೊಮ್ಮೆ. ಗದರುವುದನ್ನು ಬಿಟ್ಟೆವು, ಅದರಿಂದ ದಿಗಿಲು ಹೆಚ್ಚುತ್ತಿತ್ತಷ್ಟೆ. ಎಳೆಯ ನಾಯಿಗಳ ಕಾರಣ ಬೇರೆಯಿರಬಹುದು: ಹಗಲಿಡೀ ಒಂಟಿತನ, ಅಥವಾ ಜನವರಿಯ ರಾತ್ರಿಗಳಲ್ಲಿ ಹಿತ್ತಲಿಗೆ ಬಂದು ಚೀರುವ ನರಿಗಳು. ಅಂತಹ ಕಡೆ ದಪ್ಪ ಪರದೆ, ಮೆಲುದನಿಯ ರೇಡಿಯೊ, ಹಗಲಿನಲ್ಲಿ ಯಾರದಾದರೂ ಜೊತೆ ನೆರವಾದೀತು.

ಪಕ್ಕದ ಮನೆಗೂ ಹೋಗಿ ವಿಷಯ ತಿಳಿಸಿದೆ. ಚೀಟಿ ಬರೆದಾಕೆ ಮೊದಲು ಕೇಳಿದ್ದು ನಾಯಿಯ ವಯಸ್ಸನ್ನು.

ಬೊಗಳುವುದು ಪೂರ್ತಿ ನಿಂತಿಲ್ಲ. ವಾರದಲ್ಲಿ ಒಂದೆರಡು ರಾತ್ರಿ ಎದ್ದು ಅದರ ಬೆನ್ನ ಮೇಲೆ ಕೈಯಿಟ್ಟು ಕೂರುತ್ತೇನೆ. ಪಟ್ಟಿ ಕೊಡಲು ಮುಂದೆ ಬಂದ ಸದಸ್ಯರ ಕಾಳಜಿಗೆ ಕೃತಜ್ಞ. ಅದನ್ನು ತಮ್ಮ ನಾಯಿಯ ಕೊರಳಿಗೂ ಮತ್ತೆ ಹಾಕಬಾರದೆಂದು ವಿನಂತಿ.