ಕಾಲ ಹಾಗಿತ್ತು ಎನ್ನಬೇಡಿ

1791ರ ಆಗಸ್ಟ್ ತಿಂಗಳಲ್ಲಿ ಅಮೆರಿಕದಲ್ಲಿ ಮೂರು ಕಾಗದಗಳಿಗೆ ಸಹಿ ಬಿತ್ತು.

ಒಂದನೇ ತಾರೀಖು ವರ್ಜೀನಿಯಾದ ನೊಮಿನಿ ಹಾಲ್ ಎಸ್ಟೇಟಿನ ಒಡೆಯ ರಾಬರ್ಟ್ ಕಾರ್ಟರ್ ಒಂದು ದಾನಪತ್ರ ಬರೆದ. ತನ್ನ ತೋಟಗಳಲ್ಲಿ ದುಡಿಯುತ್ತಿದ್ದ 450ಕ್ಕೂ ಹೆಚ್ಚು ಗುಲಾಮರ ಹೆಸರು, ವಯಸ್ಸುಗಳನ್ನು ಸಾಲಾಗಿ ಪಟ್ಟಿಮಾಡಿ, ಇವರನ್ನೆಲ್ಲ ಹಂತಹಂತವಾಗಿ ಬಿಡುಗಡೆ ಮಾಡುತ್ತೇನೆ ಎಂದು ಬರೆದುಕೊಟ್ಟ. ಇವರನ್ನು ಗುಲಾಮರಾಗಿ ಇಟ್ಟುಕೊಳ್ಳುವುದು ಧರ್ಮಕ್ಕೂ ನ್ಯಾಯಕ್ಕೂ ವಿರುದ್ಧ ಎಂಬುದು ತನಗೆ ಬಹಳ ಹಿಂದೆಯೇ ಮನದಟ್ಟಾಗಿತ್ತು ಎಂಬ ಕಾರಣವನ್ನೂ ಕೊಟ್ಟ.

ಹತ್ತೊಂಬತ್ತರಂದು ಮೇರಿಲ್ಯಾಂಡಿನ ಬೆಂಜಮಿನ್ ಬ್ಯಾನೆಕರ್ ಎರಡನೆಯ ಕಾಗದ ಬರೆದ. ಆಫ್ರಿಕನ್ ಮೂಲದ, ಗುಲಾಮನಲ್ಲದ ರೈತ ಅವನು. ಖಗೋಳ ಗಣಿತವನ್ನು ತಾನೇ ಓದಿ ಕಲಿತವನು. ತಾನು ಲೆಕ್ಕ ಹಾಕಿದ್ದ ಪಂಚಾಂಗದ ಹಸ್ತಪ್ರತಿಯನ್ನು ಆಗಿನ ವಿದೇಶಾಂಗ ಕಾರ್ಯದರ್ಶಿ ಥಾಮಸ್ ಜೆಫರ್ಸನ್ನನಿಗೆ ಕಳಿಸಿ, ಜೊತೆಗೊಂದು ಪತ್ರವನ್ನೂ ಇಟ್ಟ. ಎಲ್ಲರೂ ಸಮಾನರು ಎಂದು ಬರೆದವರು ನೀವು. ನನ್ನ ಬಾಂಧವರನ್ನು ಬಲವಂತದಿಂದ ಹಿಡಿದಿಟ್ಟುಕೊಂಡವರೂ ನೀವೇ. ಪತ್ರದ ತಾತ್ಪರ್ಯ ಇಷ್ಟು.

ಮೂರನೆಯದು ಆಗಸ್ಟ್ 30ರಂದು ಜೆಫರ್ಸನ್ ಬರೆದ ಉತ್ತರ. ಚಿಕ್ಕದು, ಬಹಳ ಸಭ್ಯವಾದದ್ದು. ನಿಮ್ಮ ಜನರ ಸ್ಥಿತಿ ಸುಧಾರಿಸಲಿ ಎಂದು ನನಗಿಂತ ಹೆಚ್ಚು ಬಯಸುವವರಿಲ್ಲ, ಪಂಚಾಂಗವನ್ನು ಪ್ಯಾರಿಸ್ಸಿನ ವಿದ್ವಾಂಸ ಕಾಂಡರ್ಸೆಗೆ ಕಳಿಸಿದ್ದೇನೆ ಎಂದಿತ್ತು. ಜೆಫರ್ಸನ್ನನ ಮಾಂಟಿಚೆಲ್ಲೊ ಎಸ್ಟೇಟಿನಲ್ಲಿ ಆ ದಿನ ಯಾರ ಬಿಡುಗಡೆಯೂ ಆಗಲಿಲ್ಲ.

ಅಮೆರಿಕದ ಸ್ಥಾಪಕರ ಬಗ್ಗೆ ಮಾತು ಬಂದಾಗಲೆಲ್ಲ ನಮ್ಮಲ್ಲಿ ಒಂದು ವಾಕ್ಯ ನಾಲಿಗೆಯ ತುದಿಯಲ್ಲೇ ಕಾದಿರುತ್ತದೆ: ಕಾಲ ಹಾಗಿತ್ತು. ಗುಲಾಮರನ್ನು ಇಟ್ಟುಕೊಂಡಿದ್ದರು ನಿಜ, ಆದರೆ ಕಾಲ ಹಾಗಿತ್ತು. ಓದಿದವರು, ಸಜ್ಜನರು, ಎರಡೂ ಕಡೆ ನೋಡಬೇಕು ಎನ್ನುವವರು ಹೇಳುವ ಮಾತಿದು. ಅವರ ಮುಂದೆ ಆ ಮೂರು ಕಾಗದಗಳನ್ನು ಇಡುತ್ತಿದ್ದೇನೆ. ಒಂದೇ ಕಾಲ, ಒಂದೇ ತಿಂಗಳು. ಕಾರ್ಟರ್ ಮತ್ತು ಜೆಫರ್ಸನ್ ಒಂದೇ ವರ್ಜೀನಿಯಾದವರು, ಒಂದೇ ಅಂತಸ್ತಿನವರು. ಹಾಗಿದ್ದರೆ ಯಾವ ಕಾಲದ ಮೇಲೆ ತಪ್ಪು ಹೊರಿಸುತ್ತೀರಿ?

ಕಾನೂನು ಅಡ್ಡ ಬಂತು ಎಂದರೂ ನಡೆಯುವುದಿಲ್ಲ. ಒಡೆಯ ಇಷ್ಟಪಟ್ಟರೆ ಸರ್ಕಾರದ ಅಪ್ಪಣೆಗೆ ಕಾಯದೆ ತನ್ನ ಗುಲಾಮರನ್ನು ಬಿಡಬಹುದು ಎಂದು ವರ್ಜೀನಿಯಾ 1782ರಲ್ಲೇ ಕಾನೂನು ಮಾಡಿತ್ತು. 1806ರಲ್ಲಿ, ಬಿಡುಗಡೆಯಾದವರು ವರ್ಷದೊಳಗೆ ರಾಜ್ಯ ಬಿಡಬೇಕು ಎಂಬ ನಿಯಮ ಬರುವವರೆಗೂ ಆ ಬಾಗಿಲು ತೆರೆದೇ ಇತ್ತು. ಕಾರ್ಟರ್ ಅದರಲ್ಲಿ ನಡೆದುಹೋದ. ಅದಕ್ಕೆ ಅವನು ತೆತ್ತ ಬೆಲೆ ಕಡಿಮೆಯದಲ್ಲ. ನಿನ್ನ ಮನೆಗೆ ನೀನು ಬೆಂಕಿ ಹಚ್ಚಿಕೊಂಡರೆ ಪಕ್ಕದ ಮನೆಗಳೂ ಉರಿಯುತ್ತವೆ ಎಂದು ಅನಾಮಧೇಯನೊಬ್ಬ ಪತ್ರ ಬರೆದ. ಕೊನೆಗೆ ಕಾರ್ಟರ್ ಬಾಲ್ಟಿಮೋರಿಗೆ ಹೊರಟುಹೋದ, 1804ರಲ್ಲಿ ಅಲ್ಲೇ ತೀರಿಕೊಂಡ. ಅಂತರ್ಯುದ್ಧಕ್ಕೆ ಮೊದಲು ಆ ದೇಶದಲ್ಲಿ ಒಬ್ಬನೇ ಒಡೆಯ ಅಷ್ಟು ಜನರನ್ನು ಬಿಡುಗಡೆ ಮಾಡಿದ ಇನ್ನೊಂದು ಉದಾಹರಣೆ ಇಲ್ಲ. ಆದರೆ ಡಾಲರ್ ನೋಟಿನ ಮೇಲೆ ಅವನ ಮುಖವಿಲ್ಲ.

ಉಳಿದವರಿಗೆ ತಪ್ಪು ಗೊತ್ತಿರಲಿಲ್ಲವೇ? ಗೊತ್ತಿತ್ತು, ಚೆನ್ನಾಗಿಯೇ ಗೊತ್ತಿತ್ತು. ಸ್ವಾತಂತ್ರ್ಯ ಕೊಡಿ, ಇಲ್ಲವೇ ಸಾವು ಕೊಡಿ ಎಂದು 1775ರಲ್ಲಿ ಗುಡುಗಿದನೆಂದು ಹೆಸರಾದ ಪ್ಯಾಟ್ರಿಕ್ ಹೆನ್ರಿ ಅದಕ್ಕೆ ಎರಡು ವರ್ಷ ಮೊದಲು, 1773ರ ಜನವರಿಯಲ್ಲಿ, ಒಂದು ಖಾಸಗಿ ಪತ್ರ ಬರೆದಿದ್ದ. ನಾನೇ ಹಣ ಕೊಟ್ಟು ಗುಲಾಮರನ್ನು ಕೊಂಡಿದ್ದೇನೆ. ಅವರಿಲ್ಲದೆ ಇಲ್ಲಿ ಬದುಕುವುದು ಅನಾನುಕೂಲ. ಇದನ್ನು ಸಮರ್ಥಿಸುವುದಿಲ್ಲ, ಸಮರ್ಥಿಸಲು ಆಗುವುದೂ ಇಲ್ಲ. ಪತ್ರದ ಸಾರ ಇದು. ಪ್ರಾಮಾಣಿಕ ಎಂದು ಮೆಚ್ಚುವವರಿದ್ದಾರೆ. ನನಗೆ ಅದನ್ನು ಓದಿದಾಗ ಮೈ ಉರಿಯುತ್ತದೆ. ಸಿದ್ಧಾಂತಕ್ಕಾಗಿ ತಪ್ಪು ಮಾಡುವವನ ಜೊತೆ ವಾದ ಮಾಡಬಹುದು. ಅನುಕೂಲಕ್ಕಾಗಿ ಮಾಡುತ್ತಿದ್ದೇನೆ ಎಂದು ತಾನೇ ಹೇಳುವವನ ಜೊತೆ ಏನು ವಾದ ಮಾಡುತ್ತೀರಿ? ಅವನು ಆಗಲೇ ಒಪ್ಪಿಕೊಂಡಾಗಿದೆ. ಒಪ್ಪಿಕೊಂಡು, ಪತ್ರಕ್ಕೆ ಮುದ್ರೆ ಒತ್ತಿ, ತನಗೆ ಊಟ ಬಡಿಸಲು ಗುಲಾಮನನ್ನೇ ಕರೆದಿದ್ದಾನೆ.

ಜೇಮ್ಸ್ ಮ್ಯಾಡಿಸನ್ನನ ಕಥೆಯೂ ಇಂಥದ್ದೇ. ಸಂವಿಧಾನದ ಶಿಲ್ಪಿ ಎಂದು ಅವನನ್ನು ಕರೆಯುತ್ತಾರೆ. 1783ರಲ್ಲಿ ಫಿಲಡೆಲ್ಫಿಯಾದಿಂದ ಊರಿಗೆ ಹೊರಟಾಗ ಜೊತೆಗಿದ್ದ ಬಿಲ್ಲಿ ಎಂಬ ಗುಲಾಮನನ್ನು ಅಲ್ಲೇ ಬಿಟ್ಟುಬರುವುದಾಗಿ ತಂದೆಗೆ ಬರೆದ. ಸ್ವಾತಂತ್ರ್ಯದ ಗಾಳಿ ಸೋಕಿದ ಇವನನ್ನು ಮತ್ತೆ ವರ್ಜೀನಿಯಾದ ಗುಲಾಮರ ನಡುವೆ ಬಿಡುವಂತಿಲ್ಲ. ಆದರೆ ನಾವು ಇಷ್ಟು ರಕ್ತ ಚೆಲ್ಲಿ ಪಡೆದದ್ದನ್ನೇ ಇವನೂ ಬಯಸಿದ ಎಂಬ ಕಾರಣಕ್ಕೆ ಶಿಕ್ಷಿಸುವುದೂ ಸರಿಯಲ್ಲ. ಇಷ್ಟು ಸ್ಪಷ್ಟವಾಗಿ ಯೋಚಿಸಬಲ್ಲ ಮನುಷ್ಯ ಕೊನೆಗೆ ಮಾಡಿದ್ದೇನು? ಪೆನ್ಸಿಲ್ವೇನಿಯಾದ ಕಾನೂನಿಗೆ ತಕ್ಕಂತೆ ಕೆಲವು ವರ್ಷಗಳ ಕರಾರಿನ ಮೇಲೆ ಬಿಲ್ಲಿಯನ್ನು ಮಾರಿದ. ನಾಲ್ಕು ವರ್ಷದ ನಂತರ ಅದೇ ಊರಿನಲ್ಲಿ ಕೂತು ಬರೆದ ಸಂವಿಧಾನದಲ್ಲಿ ಗುಲಾಮ ಎಂಬ ಪದವನ್ನೇ ಬಳಸದೆ, ಓಡಿಹೋದ ಗುಲಾಮರನ್ನು ಹಿಂದಿರುಗಿಸುವ ಏರ್ಪಾಟನ್ನು ಸೇರಿಸಿಕೊಂಡರು. ನಾಚಿಕೆ ಇದ್ದದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? 1836ರಲ್ಲಿ ತೀರಿಕೊಂಡಾಗ ಮ್ಯಾಡಿಸನ್ ತನ್ನ ಉಯಿಲಿನಲ್ಲಿ ಯಾರನ್ನೂ ಬಿಡುಗಡೆ ಮಾಡಿರಲಿಲ್ಲ.

ಇನ್ನು ಜೆಫರ್ಸನ್. ಅವನನ್ನು ಕಪಟಿ ಎಂದು ತಳ್ಳಿಹಾಕುವುದು ಸುಲಭ. ನನ್ನಿಂದ ಅದು ಆಗುವುದಿಲ್ಲ, ಏಕೆಂದರೆ ಅವನು ಪ್ರಯತ್ನಿಸಿದ್ದೂ ನಿಜ. 1776ರ ಸ್ವಾತಂತ್ರ್ಯ ಘೋಷಣೆಯ ಕರಡಿನಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸಿದ್ದ. ಕಾಂಗ್ರೆಸ್ ಅದನ್ನು ಹೊಡೆದುಹಾಕಿತು. ಪಶ್ಚಿಮದ ಹೊಸ ಪ್ರಾಂತ್ಯಗಳಲ್ಲಿ 1800ರ ನಂತರ ಗುಲಾಮಗಿರಿ ಇರಕೂಡದು ಎಂಬ ಅವನ 1784ರ ಪ್ರಸ್ತಾವ ಒಂದೇ ಒಂದು ಮತದಿಂದ ಬಿದ್ದುಹೋಯಿತು. ಗುಲಾಮರನ್ನು ಹೊರಗಿನಿಂದ ತರಿಸುವುದನ್ನು ನಿಷೇಧಿಸಿದ 1807ರ ಕಾಯ್ದೆಗೆ ಅಧ್ಯಕ್ಷನಾಗಿ ಸಹಿ ಹಾಕಿದ. ಅದಿಷ್ಟೂ ಬೇರೆಯವರ ಗುಲಾಮರ ಬಗ್ಗೆ. ತನ್ನ ಜೀವಮಾನದಲ್ಲಿ ಅವನು ಇಟ್ಟುಕೊಂಡಿದ್ದ 600ಕ್ಕೂ ಹೆಚ್ಚು ಜನರ ಪೈಕಿ ಬದುಕಿದ್ದಾಗ ಬಿಡುಗಡೆ ಪತ್ರ ಕೊಟ್ಟದ್ದು ಇಬ್ಬರಿಗೆ, ಉಯಿಲಿನಲ್ಲಿ ಐವರಿಗೆ.

1814ರಲ್ಲಿ ಎಡ್ವರ್ಡ್ ಕೋಲ್ಸ್ ಎಂಬ 27ರ ಯುವಕ ಅವನಿಗೆ ಪತ್ರ ಬರೆದ. ಕೋಲ್ಸ್ ಆಗ ಅಧ್ಯಕ್ಷ ಮ್ಯಾಡಿಸನ್ನನ ಖಾಸಗಿ ಕಾರ್ಯದರ್ಶಿ. ಗುಲಾಮಗಿರಿಯ ವಿರುದ್ಧ ನೀವು ಬಾಯಿ ಬಿಡಬೇಕು, ನಿಮ್ಮ ಮಾತಿಗೆ ತೂಕವಿದೆ ಎಂದು ಬೇಡಿಕೊಂಡ. ಎಪ್ಪತ್ತೊಂದರ ಜೆಫರ್ಸನ್ ಉತ್ತರಿಸಿದ: ಇದು ತರುಣರ ಕೆಲಸ, ನನಗೆ ವಯಸ್ಸಾಯಿತು, ನನ್ನ ಪಾಲಿಗೆ ಉಳಿದದ್ದು ಪ್ರಾರ್ಥನೆ. ಸಾಲದ್ದಕ್ಕೆ, ನಿನ್ನ ಗುಲಾಮರನ್ನು ಬಿಟ್ಟು ಹೋಗಬೇಡ ಎಂದು ಬುದ್ಧಿಯನ್ನೂ ಹೇಳಿದ. ಕೋಲ್ಸ್ ಕೇಳಲಿಲ್ಲ. 1819ರ ಏಪ್ರಿಲ್‌ನಲ್ಲಿ ತನ್ನ ಗುಲಾಮರನ್ನು ದೋಣಿ ಹತ್ತಿಸಿಕೊಂಡು ಪಶ್ಚಿಮಕ್ಕೆ ಹೊರಟ. ಪಿಟ್ಸ್‌ಬರ್ಗ್ ದಾಟಿ ಓಹಾಯೊ ನದಿಯಲ್ಲಿ ಸಾಗುತ್ತಿದ್ದಾಗ, ಈ ಕ್ಷಣದಿಂದ ನೀವು ಸ್ವತಂತ್ರರು ಎಂದ. ಇಲಿನಾಯ್ ತಲುಪಿದ ಮೇಲೆ ಕುಟುಂಬಗಳ ಯಜಮಾನರಿಗೆ 160 ಎಕರೆಯಂತೆ ಜಮೀನನ್ನೂ ಕೊಟ್ಟ. ಆಮೇಲೆ ಆ ರಾಜ್ಯದ ಗವರ್ನರ್ ಆಗಿ, ಅಲ್ಲಿ ಗುಲಾಮಗಿರಿಯನ್ನು ಕಾನೂನುಬದ್ಧ ಮಾಡಲು ನಡೆದ ಹುನ್ನಾರವನ್ನು 1824ರ ಮತದಾನದಲ್ಲಿ ಸೋಲಿಸಿದ.

ಸಾಲದಲ್ಲಿ ಮುಳುಗಿದ್ದ ಜೆಫರ್ಸನ್ನನಿಗೆ ಗುಲಾಮರನ್ನು ಬಿಡಲು ಆಗುತ್ತಿರಲಿಲ್ಲ ಎಂದು ಸಮಾಧಾನ ಮಾಡಲು ಬರುವವರು ಕೊಶ್ಚುಶ್ಕೊನ ಉಯಿಲನ್ನು ಓದಬೇಕು. ಅಮೆರಿಕದ ಪರವಾಗಿ ಹೋರಾಡಿದ ಪೋಲೆಂಡಿನ ಈ ಸೇನಾನಿ 1798ರಲ್ಲಿ ತನ್ನ ಅಮೆರಿಕದ ಹಣವನ್ನು ಗುಲಾಮರನ್ನು ಕೊಂಡು ಬಿಡಿಸಲು, ಅವರಿಗೆ ಶಿಕ್ಷಣ ಕೊಡಿಸಲು ಬರೆದಿಟ್ಟು ಜೆಫರ್ಸನ್ನನನ್ನೇ ನಿರ್ವಾಹಕನಾಗಿ ನೇಮಿಸಿದ್ದ. ಜೆಫರ್ಸನ್ ತನ್ನವರನ್ನೇ ಆ ಹಣದಿಂದ ಬಿಡಿಸಬಹುದಿತ್ತು. ಕೊಶ್ಚುಶ್ಕೊ 1817ರಲ್ಲಿ ತೀರಿಕೊಂಡ. ವಯಸ್ಸಾಯಿತು, ಈ ಜವಾಬ್ದಾರಿ ಬೇಡ ಎಂದು ಜೆಫರ್ಸನ್ ಹಿಂದೆ ಸರಿದ. ಹಣ ಕೋರ್ಟು ಕಚೇರಿ ಅಲೆಯಿತು. ಒಬ್ಬ ಗುಲಾಮನ ಬಿಡುಗಡೆಗೂ ಒದಗಲಿಲ್ಲ.

1826ರ ಜುಲೈ 4ರಂದು, ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ ದಿನ, ಜೆಫರ್ಸನ್ ಸತ್ತ. ಅದೇ ದಿನ ಮತ್ತೊಬ್ಬ ಮಾಜಿ ಅಧ್ಯಕ್ಷ ಜಾನ್ ಆಡಮ್ಸ್ ಕೂಡ ತೀರಿಕೊಂಡದ್ದನ್ನು ದೈವ ಸಂಕೇತವೆಂದು ಜನ ಬಣ್ಣಿಸಿದರು. (ಆಡಮ್ಸ್ ಜೀವನದಲ್ಲಿ ಒಬ್ಬ ಗುಲಾಮನನ್ನೂ ಇಟ್ಟುಕೊಂಡವನಲ್ಲ ಎಂಬುದು ಆ ಬಣ್ಣನೆಯಲ್ಲಿ ಮರೆತುಹೋಗುತ್ತದೆ.) ಆರು ತಿಂಗಳ ನಂತರ, 1827ರ ಜನವರಿಯ ಚಳಿಯಲ್ಲಿ, ಮಾಂಟಿಚೆಲ್ಲೊದಲ್ಲಿ 130 ಜನರ ಹರಾಜು ಸಾರಿದರು. ಕಮ್ಮಾರ ಜೋಸೆಫ್ ಫೊಸೆಟ್‌ಗೆ ಉಯಿಲಿನಲ್ಲಿ ಬಿಡುಗಡೆ ಸಿಕ್ಕಿತ್ತು. ಹೆಂಡತಿ ಮಕ್ಕಳಿಗೆ ಸಿಕ್ಕಿರಲಿಲ್ಲ. ಹೆಂಡತಿ ಈಡಿತ್ ಅಧ್ಯಕ್ಷರ ಭವನದಲ್ಲಿ ಫ್ರೆಂಚ್ ಅಡುಗೆ ಕಲಿತು ಜೆಫರ್ಸನ್ನನಿಗೆ ವರ್ಷಗಟ್ಟಲೆ ಬೇಯಿಸಿ ಹಾಕಿದವಳು. ತನ್ನವರನ್ನು ಬೇರೆ ಬೇರೆಯವರು ಕೂಗಿ ಕೊಳ್ಳುವುದನ್ನು ಜೋಸೆಫ್ ನೋಡಬೇಕಾಯಿತು. ಆಮೇಲೆ ದುಡಿದು ಹಣ ಕೂಡಿಸಿ ಹೆಂಡತಿಯನ್ನೂ ಕೆಲವು ಮಕ್ಕಳನ್ನೂ ಕೊಂಡುಕೊಂಡ. ಹೌದು, ತನ್ನ ಹೆಂಡತಿಯನ್ನು ತಾನೇ ಕೊಂಡುಕೊಂಡ. ಮಗ ಪೀಟರ್‌ಗೆ ಆಗ ಹನ್ನೊಂದು ವರ್ಷ; ಅವನು ಬಿಡುಗಡೆಯಾಗಲು 1850ರವರೆಗೆ ಕಾಯಬೇಕಾಯಿತು. ಮುಂದೆ ಸಿನ್ಸಿನಾಟಿಯಲ್ಲಿ ಪಾದ್ರಿಯಾದ ಪೀಟರ್, 1900ರಲ್ಲಿ, ಮುದುಕನಾಗಿ, ಮಾಂಟಿಚೆಲ್ಲೊಗೆ ಅತಿಥಿಯಾಗಿ ಹೋಗಿಬಂದ.

ಕಾಲ ಹಾಗಿತ್ತು ಎನ್ನುವವರು ಒಂದು ಲೆಕ್ಕ ತಪ್ಪುತ್ತಾರೆ. ಆ ಕಾಲದಲ್ಲಿ ಈಡಿತ್ ಕೂಡ ಬದುಕಿದ್ದಳಲ್ಲ? ಪೀಟರ್, ಬಿಲ್ಲಿ, ಬ್ಯಾನೆಕರ್ ಬದುಕಿದ್ದರಲ್ಲ? ಆ ಕಾಲದ ಅಭಿಪ್ರಾಯ ಎಂದರೆ ಒಡೆಯರ ಅಭಿಪ್ರಾಯ ಮಾತ್ರ ಎಂದು ತೀರ್ಮಾನಿಸಿದವರು ಯಾರು? 1796ರ ಮೇ 21ರ ಸಂಜೆ ಫಿಲಡೆಲ್ಫಿಯಾದಲ್ಲಿ ಅಧ್ಯಕ್ಷ ವಾಷಿಂಗ್ಟನ್ನನ ಕುಟುಂಬ ಊಟಕ್ಕೆ ಕೂತಿದ್ದಾಗ ಓನಾ ಜಡ್ಜ್ ಎಂಬ ಇಪ್ಪತ್ತು ದಾಟಿದ ಹೆಣ್ಣುಮಗಳು ಮನೆಯಿಂದ ಹೊರಗೆ ನಡೆದಳು. ಒಡತಿಯ ಮೊಮ್ಮಗಳಿಗೆ ತನ್ನನ್ನು ಉಡುಗೊರೆ ಕೊಡಲಿದ್ದಾರೆ ಎಂದು ಅವಳಿಗೆ ತಿಳಿದಿತ್ತು. ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರಿನ ಪೋರ್ಟ್ಸ್‌ಮತ್ ಸೇರಿದಳು. ಅವಳನ್ನು ಹಿಡಿದುತರಲು ವಾಷಿಂಗ್ಟನ್ ಖಜಾನೆ ಕಾರ್ಯದರ್ಶಿಗೆ, ಅವನ ಮೂಲಕ ಬಂದರಿನ ಸುಂಕದ ಅಧಿಕಾರಿಗೆ ಹೇಳಿಕಳಿಸಿದ. ಓನಾ ಹಿಂತಿರುಗಲಿಲ್ಲ. 1848ರಲ್ಲಿ ಸಾಯುವಾಗಲೂ ಕಾನೂನಿನ ಕಣ್ಣಲ್ಲಿ ಅವಳು ಗುಲಾಮಳೇ. ಬಡತನದಲ್ಲಿ ನವೆದ ಅವಳನ್ನು, ಓಡಿಬಂದದ್ದಕ್ಕೆ ವ್ಯಥೆಯುಂಟೇ ಎಂದು ಪತ್ರಿಕೆಯವರು ಕೇಳಿದಾಗ ಇಲ್ಲ ಎಂದಳು. ಗುಲಾಮಗಿರಿಯ ಬಗ್ಗೆ ಆ ಕಾಲ ಏನೆಂದಿತು ಎಂಬುದಕ್ಕೆ ಇದೂ ಉತ್ತರವೇ.

ವಾಷಿಂಗ್ಟನ್ ಕೊನೆಗಾದರೂ ತಿದ್ದಿಕೊಂಡ ಎನ್ನಬೇಕು. 1799ರ ಉಯಿಲಿನಲ್ಲಿ ತನ್ನ ಸ್ವಂತದ ನೂರಿಪ್ಪತ್ತಕ್ಕೂ ಹೆಚ್ಚು ಗುಲಾಮರನ್ನು, ಹೆಂಡತಿಯ ಕಾಲಾನಂತರ ಬಿಡಬೇಕೆಂದು ಬರೆದ. ಮೊದಲು ಗುಲಾಮರನ್ನು ಇಟ್ಟುಕೊಂಡಿದ್ದ ಬೆಂಜಮಿನ್ ಫ್ರಾಂಕ್ಲಿನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 84ರ ವಯಸ್ಸಿನಲ್ಲಿ, ಸಾಯುವುದಕ್ಕೆ ಎರಡೂವರೆ ತಿಂಗಳ ಮೊದಲು, ಗುಲಾಮಗಿರಿಯ ವಿರುದ್ಧ ಕಾಂಗ್ರೆಸ್ಸಿಗೆ ಸಲ್ಲಿಸಿದ ಮನವಿಗೆ ಸಹಿ ಹಾಕಿದ. ವಯಸ್ಸಾಯಿತು ಎಂಬ ಜೆಫರ್ಸನ್ನನ ನೆಪಕ್ಕೆ ಫ್ರಾಂಕ್ಲಿನ್ನನ ಸಹಿಯೇ ಉತ್ತರ.

ಅಂದಹಾಗೆ ಈ ಕಥೆ ನಮಗೆ ಅಷ್ಟು ದೂರದ್ದೂ ಅಲ್ಲ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರಿಗೆ ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮಕ್ಕಳನ್ನು ಒತ್ತೆ ಒಯ್ದವನು. ಇದಕ್ಕಿಂತ ನನಗೆ ಮುಖ್ಯವಾದದ್ದು ಜ್ಯೋತಿಬಾ ಫುಲೆಯವರು ಕಂಡ ನಂಟು. 1873ರ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು ಅವರು ಗುಲಾಮಗಿರಿ ತೊಲಗಿಸಲು ಹೋರಾಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ಆ ದೇಶದಿಂದ ಆರಿಸಿಕೊಳ್ಳಬೇಕಾದವರು ಯಾರು ಎಂಬುದು ಪುಣೆಯಲ್ಲಿ ಕೂತ ಅವರಿಗೆ ತಿಳಿದಿತ್ತು. ನಾವು ಆರಿಸಿಕೊಂಡದ್ದು ಚೆರ್ರಿ ಮರ ಕಡಿದ ಬಾಲಕ ವಾಷಿಂಗ್ಟನ್ನನ ಕಥೆಯನ್ನು. ಅದೂ ವೀಮ್ಸ್ ಎಂಬ ಪಾದ್ರಿ ಕಟ್ಟಿದ ಕಥೆ. ಸತ್ಯ ಹೇಳುವುದನ್ನು ಮಕ್ಕಳಿಗೆ ಕಲಿಸಲು ಸುಳ್ಳು ಕಥೆಯೇ ಬೇಕಾಯಿತೆ? ಕಾರ್ಟರನ ದಾನಪತ್ರ ನಿಜ. ಕೋಲ್ಸ್ ನದಿಯ ನಡುವೆ ಆಡಿದ ಮಾತು ನಿಜ. ಮೇಷ್ಟ್ರುಗಳೇ, ಮಕ್ಕಳಿಗಾಗಿ ಮಹಾಪುರುಷರ ಜೀವನ ಬರೆಯುವವರೇ, ಇವನ್ನು ಹೇಳಿ. ಜೊತೆಗೆ ಓನಾ ಜಡ್ಜ್‌ಳ ಕಥೆಯನ್ನೂ ಹೇಳಿ.

2026ರ ಜುಲೈ 4ಕ್ಕೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರೇ, ಊರಿನಿಂದ ಬಂದ ಅಪ್ಪ ಅಮ್ಮನನ್ನು ಮಾಂಟಿಚೆಲ್ಲೊಗೋ ವಾಷಿಂಗ್ಟನ್ನನ ಮನೆ ಮೌಂಟ್ ವರ್ನನ್‌ಗೋ ಕರೆದೊಯ್ದಾಗ ಗುಮ್ಮಟದ ಮುಂದೆ ಫೋಟೋ ತೆಗೆಸಿ ಹಿಂತಿರುಗಬೇಡಿ. ಮಾಂಟಿಚೆಲ್ಲೊದ ಮಲ್ಬೆರಿ ರೋ ಸಾಲಿನಲ್ಲಿ ಗುಲಾಮರು ದುಡಿದ, ವಾಸಿಸಿದ ಜಾಗಗಳಿವೆ. ಅಲ್ಲಿ ನಿಂತು ಈಡಿತ್ ಫೊಸೆಟ್ ಹೆಸರನ್ನು ಮಕ್ಕಳ ಬಾಯಲ್ಲಿ ಹೇಳಿಸಿ.

ಇಲ್ಲಿರುವವರಿಗೂ ಒಂದು ಮಾತು. ನಮ್ಮ ಅಜ್ಜಂದಿರ ಹೊಲಗಳಲ್ಲಿ ಜೀತ ಮಾಡಿದವರ ಬಗ್ಗೆ ಮೊಮ್ಮಕ್ಕಳು ಕೇಳಿದರೆ ನಾವೂ ಅದನ್ನೇ ಹೇಳುತ್ತೇವೆ: ಕಾಲ ಹಾಗಿತ್ತು. ಈಗ ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಹೆಂಗಸಿಗೆ ಹಿತ್ತಿಲ ಕಟ್ಟೆಯ ಮೇಲೆ ಬೇರೆ ಲೋಟ ಯಾಕೆ, ವಾರಕ್ಕೊಂದು ರಜೆ ಯಾಕಿಲ್ಲ ಎಂದು ಅದೇ ಮೊಮ್ಮಕ್ಕಳು ನಾಳೆ ಕೇಳುತ್ತಾರೆ. ತಪ್ಪೆಂದು ನಮಗೆ ಗೊತ್ತು. ಪ್ಯಾಟ್ರಿಕ್ ಹೆನ್ರಿಗೆ ಗೊತ್ತಿದ್ದಷ್ಟೇ ಚೆನ್ನಾಗಿ ಗೊತ್ತು, ಮತ್ತು ಅವನಂತೆಯೇ ನಮಗೂ ಬೇರೆ ಮಾಡುವುದು ಅನಾನುಕೂಲ. ನಾಳೆ ಬೆಳಿಗ್ಗೆ ಆಕೆ ಬಂದಾಗ ಕಾಫಿಯನ್ನು ಮನೆಯವರ ಲೋಟದಲ್ಲೇ ಕೊಡಿ. ವಾರದಲ್ಲಿ ಯಾವ ದಿನ ರಜೆ ಬೇಕೆಂದು ಕೇಳಿ, ಆ ದಿನದ ಸಂಬಳ ಹಿಡಿಯಬೇಡಿ. ಜೆಫರ್ಸನ್ನನ ವಿಚಾರಣೆಯನ್ನು ಆಮೇಲೆ ಮುಂದುವರಿಸೋಣ.